ಬೆಳಕಿನ ಕತ್ತಿಯ ಹಿಡಿ: ಚಲಚ್ಚಿತ್ರದ ಆಯುಧಗಳೂ ಆಕಾರದ ಒಡೆತನವೂ

2010ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅಮೆರಿಕದ ವೃತ್ತಪತ್ರಿಕೆಗಳಲ್ಲಿ ವಿಚಿತ್ರವಾದ ಒಂದು ವಿವಾದದ ಸುದ್ದಿ ಪ್ರಕಟವಾಯಿತು. ಹಾಂಗ್‌ಕಾಂಗ್‌ನ ವಿಕೆಡ್ ಲೇಸರ್ಸ್ ಎಂಬ ವ್ಯಾಪಾರ ಸಂಸ್ಥೆಯು ಅದರ ಹಿಂದಿನ ತಿಂಗಳಷ್ಟೇ 'ಸ್ಪೈಡರ್ 3 ಪ್ರೊ ಆರ್ಕ್ಟಿಕ್' ಎಂಬ ಹೆಸರಿನ, ಕೈಯಲ್ಲಿ ಹಿಡಿಯಬಹುದಾದ ಲೇಸರ್ ಉಪಕರಣವೊಂದನ್ನು ಸುಮಾರು 200 ಡಾಲರುಗಳ ಬೆಲೆಗೆ ಪ್ರಕಟಿಸಿತ್ತು. 'ಸ್ಟಾರ್ ವಾರ್ಸ್' ಚಲಚ್ಚಿತ್ರಗಳನ್ನು ನಿರ್ಮಿಸಿದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ಇದನ್ನು ಆಕ್ಷೇಪಿಸಿ ಪತ್ರ ಬರೆದರು. ತಮ್ಮ ಚಿತ್ರಗಳಲ್ಲಿ ಜೆಡೈ ಯೋಧರು ಹಿಡಿಯುವ 'ಲೈಟ್‌ಸೇಬರ್' ಎಂಬ ಬೆಳಕಿನ ಕತ್ತಿಯ ಹಿಡಿಯನ್ನು ಈ ಉಪಕರಣವು ಹೋಲುತ್ತದೆ, ಆ ಹಿಡಿಯ ಹಕ್ಕುಸ್ವಾಮ್ಯವು ತಮ್ಮದು, ಆದುದರಿಂದ ಆಕಾರವನ್ನು ಬದಲಿಸಬೇಕು ಇಲ್ಲವೆ ಮಾರಾಟವನ್ನು ನಿಲ್ಲಿಸಬೇಕು ಎಂಬುದು ಅದರ ಸಾರಾಂಶ. ಪಾಲಿಸದಿದ್ದಲ್ಲಿ ವ್ಯಾಜ್ಯವನ್ನು ಹೂಡುವ ಬೆದರಿಕೆಯೂ ಅದರಲ್ಲಿತ್ತು.

ಮೇಲುನೋಟಕ್ಕೆ ಇದು ನಗೆಯನ್ನು ತರಿಸುವ ಸಂಗತಿ. ಲೋಕದಲ್ಲಿ ಇಲ್ಲದ ಆಯುಧಕ್ಕೆ ಒಡೆಯರುಂಟೆಂದೂ, ಇರುವ ಉಪಕರಣವು ಇಲ್ಲದ ಆಯುಧದ ನಕಲೆಂದೂ ವಾದಿಸಿದಂತಾಯಿತು. ಆದರೆ ವಿಷಯವನ್ನು ಸ್ವಲ್ಪ ಕೆದಕಿ ನೋಡಿದರೆ ಕೈಗಾರಿಕಾ ವಸ್ತುಗಳ ಆಕಾರವು ಯಾರ ಸೊತ್ತು ಎಂಬ ಗಂಭೀರವಾದ ಪ್ರಶ್ನೆಯೇ ಇಲ್ಲಿ ಅಡಗಿರುವುದು ಕಂಡುಬರುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಮೊದಲು ಆ ಕತ್ತಿಯ ಹಿಡಿ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದು ನ್ಯಾಯ.

'ಸ್ಟಾರ್ ವಾರ್ಸ್' ಮಾಲೆಯ ಮೊದಲನೆಯ ಚಿತ್ರವು 1976ರಲ್ಲಿ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದಾಗ ರಂಗಸಜ್ಜಿಕೆಯ ಹೊಣೆ ಹೊತ್ತಿದ್ದವರು ರೋಜರ್ ಕ್ರಿಶ್ಚಿಯನ್. ಚಿತ್ರಕ್ಕೆ ದೊರೆತ ಹಣ ಅಲ್ಪವಾಗಿದ್ದುದರಿಂದ ಪ್ರತಿಯೊಂದು ಪರಿಕರವನ್ನೂ ಹೊಸದಾಗಿ ಮಾಡಿಸುವಂತಿರಲಿಲ್ಲ. ಹಳೆಯ ಸಾಮಾನುಗಳನ್ನು ಕೊಂಡು ತಂದು, ಅವುಗಳಿಗೆ ಅದನ್ನೂ ಇದನ್ನೂ ಅಂಟಿಸಿ ನೂತನ ವೇಷ ತೊಡಿಸುವುದೇ ಅವರ ಕ್ರಮವಾಯಿತು. ಲಂಡನ್ನಿನ ಛಾಯಾಚಿತ್ರ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಅವರಿಗೆ ಗ್ರಾಫ್ಲೆಕ್ಸ್ ಕಂಪನಿಯ ಫ್ಲಾಶ್ ಹಿಡಿಗಳು ಸಿಕ್ಕಿದವು. 1940ರ ದಶಕದಲ್ಲಿ ಅಮೆರಿಕದ ಪತ್ರಿಕಾ ಛಾಯಾಗ್ರಾಹಕರು ತಮ್ಮ ದೊಡ್ಡ ಕ್ಯಾಮರಾಗಳ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ, ಮೂರು ಬ್ಯಾಟರಿಗಳನ್ನು ಒಳಗೊಂಡ ಲೋಹದ ಕೊಳವೆಗಳು ಅವು. ಕ್ರಿಶ್ಚಿಯನ್ನರು ಅದರ ಕೆಳಭಾಗಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ, ಲೆಕ್ಕಮಾಡುವ ಯಂತ್ರದಿಂದ ಕಿತ್ತ ಗುಳ್ಳೆಗಾಜಿನ ಸಾಲೊಂದನ್ನು ನಡುವೆ ಕೂಡಿಸಿದರು. ನಡುಪಟ್ಟಿಗೆ ನೇತುಹಾಕಲು ಒಂದು ಬಳೆಯನ್ನೂ ಇಟ್ಟರು. ಕಥಾನಾಯಕ ಲ್ಯೂಕ್‌ನ ಕತ್ತಿಯ ಹಿಡಿ ಹೀಗೆ ಸಿದ್ಧವಾಯಿತು. ಅವನ ಗುರುವಾದ ಓಬಿ-ವಾನ್‌ನ ಹಿಡಿಯಂತೂ ಇನ್ನೂ ಸೋಜಿಗದ್ದು: ಮೊದಲನೆಯ ಮಹಾಯುದ್ಧ ಕಾಲದ ಬಂದೂಕಿನ ಗ್ರೆನೇಡಿನ ತುಂಡು, ರೋಲ್ಸ್ ರಾಯ್ಸ್ ಜೆಟ್ ಎಂಜಿನ್ನಿನ ಕೊಳವೆ, ಸ್ನಾನಗೃಹದ ನಲ್ಲಿಯ ತಿರುಪು, ಇವುಗಳ ಜೋಡಣೆ ಅದು. ಹೊಳೆಯುವ ಅಲಗನ್ನು ತೆರೆಯ ಮೇಲೆ ಮೂಡಿಸಿದವರು ಚಿತ್ರಪಟ್ಟಿಯ ಮೇಲೆ ಬರೆದ ಕಲಾವಿದರು.

ಬಂದೂಕುಗಳ ವಿಷಯವೂ ಹೀಗೆಯೇ. ಸಾಮ್ರಾಜ್ಯದ ಸೈನಿಕರು ಹಿಡಿಯುವ 'ಬ್ಲಾಸ್ಟರ್' ಬ್ರಿಟಿಷ್ ಸೇನೆಯ ಸ್ಟರ್ಲಿಂಗ್ ಬಂದೂಕಿನ ರೂಪಾಂತರ. ಹಾನ್ ಸೋಲೋನ ಪಿಸ್ತೂಲು ಜರ್ಮನಿಯ ಮೌಸರ್ ಪಿಸ್ತೂಲಿನದು. ಅಂಗಡಿಯ ವಸ್ತುವು ಚಿತ್ರದ ಆಯುಧವಾಗಿ, ಮೂವತ್ತನಾಲ್ಕು ವರ್ಷಗಳ ತರುವಾಯ ಅಂಗಡಿಯ ಇನ್ನೊಂದು ವಸ್ತುವು ಆ ಆಯುಧವನ್ನು ಹೋಲುತ್ತದೆಂಬ ಆಕ್ಷೇಪಣೆ ಬಂದಿತು.

ಹೋಲಿಕೆಗೆ ಕಾರಣವನ್ನು ಯಂತ್ರದೊಳಗೇ ಹುಡುಕಬಹುದೆಂದು ನಮಗೆ ತೋರುತ್ತದೆ. ಬ್ಯಾಟರಿಗಳನ್ನು ಉದ್ದಕ್ಕೆ ಜೋಡಿಸಿ, ಮುಷ್ಟಿಯಲ್ಲಿ ಹಿಡಿಯುವಂತೆ ಮಾಡಿ, ಒಂದು ಕೊನೆಯಿಂದ ಬೆಳಕು ಹೊಮ್ಮಬೇಕೆಂದರೆ ಲೋಹದ ಕೊಳವೆಯೇ ಸಹಜವಾದ ಆಕಾರ. ಫ್ಲಾಶ್ ಹಿಡಿ ಹಾಗಿದ್ದುದು ಇದರಿಂದ. ನಮ್ಮ ಮನೆಗಳ ಟಾರ್ಚು ಹಾಗಿರುವುದೂ ಇದರಿಂದಲೇ. ಮೂರು ವಸ್ತುಗಳಲ್ಲಿ ಬೆಳಕಿಗೆ ಯಾವ ಸಂಬಂಧವೂ ಇಲ್ಲದುದು ಚಿತ್ರದ ಪರಿಕರವೊಂದೇ ಎಂಬುದು ಗಮನಿಸತಕ್ಕ ವಿಷಯ. ಆದರೂ ಲೇಸರ್ ತಯಾರಕರು ಏನೂ ಅರಿಯದ ಮುಗ್ಧರೆಂದು ನಾವು ಹೇಳಲಾರೆವು. ಪತ್ರಿಕೆಗಳು ಈ ಉಪಕರಣವನ್ನು ನಿಜವಾದ ಲೈಟ್‌ಸೇಬರ್ ಎಂದು ಕೊಂಡಾಡಿದಾಗ, ಆ ಹೆಸರನ್ನು ತಾವು ಬಳಸಿಲ್ಲವೆಂದು ಅವರು ಹೇಳಿದುದು ನಿಜ; ಆ ಕೊಂಡಾಟದಿಂದ ವ್ಯಾಪಾರಕ್ಕೆ ಲಾಭವಾದುದೂ ಅಷ್ಟೇ ನಿಜ.

ಕಲ್ಪಿತ ಆಯುಧದ ಆಕಾರವನ್ನು ಸೊತ್ತೆಂದು ಎಣಿಸಿ ಮಾರುವ ಪದ್ಧತಿ 'ಸ್ಟಾರ್ ವಾರ್ಸ್'ನಿಂದ ಆರಂಭವಾದುದಲ್ಲ. 1929ರಲ್ಲಿ ಮೊದಲಾದ ಬಕ್ ರೋಜರ್ಸ್ ಚಿತ್ರಕಥೆಯ ರಾಕೆಟ್ ಪಿಸ್ತೂಲನ್ನು ಮಿಷಿಗನ್ನಿನ ಡೇಸಿ ಕಂಪನಿಯವರು 1934ರಲ್ಲಿಯೇ ಅನುಮತಿ ಪಡೆದು ಆಟಿಕೆಯಾಗಿ ತಯಾರಿಸಿದ್ದರು. ಆದರೆ ಅಂದು ಆಟಿಕೆಯು ಕಥೆಯ ಬಾಲದಂತಿತ್ತು. ಜಾರ್ಜ್ ಲ್ಯೂಕಾಸರು ಆಟಿಕೆ ಮೊದಲಾದವುಗಳ ಹಕ್ಕನ್ನು ತಮ್ಮಲ್ಲಿ ಉಳಿಸಿಕೊಂಡ ಮೇಲೆ ಪರಿಸ್ಥಿತಿ ಬದಲಾಯಿತು. 1977ರ ಕ್ರಿಸ್‌ಮಸ್ಸಿಗೆ ಗೊಂಬೆಗಳು ಸಿದ್ಧವಾಗದೆ ಕೆನ್ನರ್ ಕಂಪನಿಯವರು ಗೊಂಬೆಗಳನ್ನು ಮುಂದೆ ಕಳುಹಿಸುವ ಭರವಸೆ ಪತ್ರವಿದ್ದ, ಗೊಂಬೆಯಿಲ್ಲದ ಪೊಟ್ಟಣವನ್ನು ಮಾರಿದರು. ಜನ ಅದನ್ನೂ ಕೊಂಡರು! ಇಷ್ಟು ಬೆಲೆಬಾಳುವ ಆಕಾರಗಳಿಗೆ ವಕೀಲರ ಕಾವಲು ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆ ಕಾವಲಿಗೂ ಮಿತಿಯುಂಟೆಂದು ನ್ಯಾಯಾಲಯಗಳು ತೋರಿಸಿದ ಎರಡು ಪ್ರಸಂಗಗಳು ಇಲ್ಲಿ ಮುಖ್ಯವಾದುವು. ಮೊದಲನೆಯದು ಹೆಸರಿಗೆ ಸಂಬಂಧಿಸಿದುದು. 1983ರ ಮಾರ್ಚ್ 23ರಂದು ಅಧ್ಯಕ್ಷ ರೀಗನ್ನರು ಕ್ಷಿಪಣಿಗಳನ್ನು ತಡೆಯುವ ರಕ್ಷಣಾ ಯೋಜನೆಯನ್ನು ಸಾರಿದಾಗ ವಿರೋಧಿಗಳು ಅದನ್ನು 'ಸ್ಟಾರ್ ವಾರ್ಸ್' ಎಂದು ಹಾಸ್ಯಮಾಡಿದರು. ಕ್ರಮೇಣ ಬೆಂಬಲಿಗರೂ ಅದೇ ಮಾತನ್ನು ಬಳಸತೊಡಗಿದರು. ದೂರದರ್ಶನದ ಪ್ರಚಾರದಲ್ಲಿ ಈ ಹೆಸರನ್ನು ಬಳಸಿದ ಸಂಘಗಳ ವಿರುದ್ಧ ಲ್ಯೂಕಾಸ್‌ಫಿಲ್ಮ್ ಹೂಡಿದ ವ್ಯಾಜ್ಯವನ್ನು 1985ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ಗೆಸೆಲ್ಲರು ತಳ್ಳಿಹಾಕಿದರು. ವ್ಯಾಪಾರ ಚಿಹ್ನೆಯ ಒಡೆತನವು ರಾಜಕೀಯ ಚರ್ಚೆಯಲ್ಲಿ ಜನ ಆಡುವ ಮಾತಿಗೆ ತಡೆಯಾಗಲಾರದೆಂಬುದು ಆ ತೀರ್ಪಿನ ತಾತ್ಪರ್ಯ.

ಎರಡನೆಯದು ಆಕಾರಕ್ಕೆ ಸಂಬಂಧಿಸಿದುದು. ನಮ್ಮ ವಿಷಯಕ್ಕೆ ಇದೇ ಹತ್ತಿರವಾದುದು. ಟ್ವಿಕನ್‌ಹ್ಯಾಮಿನ ಆಂಡ್ರ್ಯೂ ಐನ್ಸ್‌ವರ್ತ್ ಎಂಬುವರು 1976ರಲ್ಲಿ ಚಿತ್ರದ ಸೈನಿಕರ ಬಿಳಿಯ ಶಿರಸ್ತ್ರಾಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹೊಯ್ದು ಕೊಟ್ಟಿದ್ದರು. 2004ರಿಂದ ಅವರು ಅವುಗಳ ಪ್ರತಿಗಳನ್ನು ಸಾರ್ವಜನಿಕರಿಗೆ ಮಾರತೊಡಗಿದರು. ಲ್ಯೂಕಾಸ್‌ಫಿಲ್ಮ್ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿ 2006ರಲ್ಲಿ 2 ಕೋಟಿ ಡಾಲರುಗಳ ಡಿಕ್ರಿಯನ್ನು ಪಡೆದು, ಇಂಗ್ಲೆಂಡಿನ ನ್ಯಾಯಾಲಯವನ್ನೂ ಹೊಕ್ಕಿತು. ಅಲ್ಲಿನ ಕಾನೂನಿನಂತೆ ಶಿರಸ್ತ್ರಾಣವು 'ಶಿಲ್ಪ' ಎನಿಸಿದರೆ ಅದಕ್ಕೆ ಕಲಾಕೃತಿಯ ದೀರ್ಘವಾದ ರಕ್ಷಣೆ. ಇಲ್ಲವಾದರೆ ಕೈಗಾರಿಕಾ ವಸ್ತುವಿಗೆ ಸಲ್ಲುವ ಅಲ್ಪಕಾಲದ ರಕ್ಷಣೆ ಮಾತ್ರ. ಆದುದರಿಂದ ಶಿಲ್ಪವೆಂದರೇನು ಎಂಬ ಅಲಂಕಾರಶಾಸ್ತ್ರದ ಪ್ರಶ್ನೆಯನ್ನು ನ್ಯಾಯಾಧೀಶರು ಬಿಡಿಸಬೇಕಾಯಿತು. 2008ರಲ್ಲಿ ನ್ಯಾಯಮೂರ್ತಿ ಮಾನ್‌ರವರು ಕೊಟ್ಟ ನಿದರ್ಶನ ಸೊಗಸಾದುದು: ಟೇಟ್ ಕಲಾಶಾಲೆಯಲ್ಲಿ ಎರಡು ವಾರ ಪ್ರದರ್ಶನಕ್ಕಿಟ್ಟ ಇಟ್ಟಿಗೆಯ ರಾಶಿ ಶಿಲ್ಪವಾಗಬಹುದು, ಅದೇ ರಾಶಿಯನ್ನು ಮನೆ ಕಟ್ಟುವ ಸಲುವಾಗಿ ಅಷ್ಟೇ ಕಾಲ ತಮ್ಮ ಮನೆಯ ದಾರಿಯ ಕೊನೆಯಲ್ಲಿ ಸುರಿದಿದ್ದರೆ ಆಗದು. ಮೇಲ್ಮನವಿಗಳ ಬಳಿಕ 2011ರ ಜುಲೈ 27ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಶಿರಸ್ತ್ರಾಣವು ಶಿಲ್ಪವಲ್ಲವೆಂದು ನಿರ್ಣಯಿಸಿತು. ಕಲಾಕೃತಿ ಎಂಬುದು ಚಲಚ್ಚಿತ್ರವೇ. ಶಿರಸ್ತ್ರಾಣವು ಅದನ್ನು ತಯಾರಿಸುವಲ್ಲಿ ಉಪಯೋಗಕ್ಕೆ ಬಂದ ಸಾಧನ ಎಂಬುದು ಅವರ ನಿಲುವು. ಅಮೆರಿಕದಲ್ಲಿ ಮಾರಿದ ಪ್ರತಿಗಳ ಬಗ್ಗೆ ಮಾತ್ರ, ಅಲ್ಲಿನ ಹಕ್ಕುಸ್ವಾಮ್ಯದ ಉಲ್ಲಂಘನೆಯನ್ನು ಇಂಗ್ಲೆಂಡಿನಲ್ಲಿ ವಿಚಾರಿಸಬಹುದೆಂದು ಅದೇ ನ್ಯಾಯಾಲಯ ಹೇಳಿತು. ಒಂದೇ ವಸ್ತು ಸಮುದ್ರದ ಈಚೆಗೆ ಸಾಮಾನು, ಆಚೆಗೆ ಕೃತಿ ಎಂದಾಯಿತು. ಇಂತಹ ಗೆರೆಯನ್ನು ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಅಧಿನಿಯಮವೂ ಬೇರೆ ರೀತಿಯಲ್ಲಿ ಎಳೆದಿದೆ: ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಆಕಾರವನ್ನು ಒಡೆಯನಾಗಲಿ ಅವನ ಅನುಮತಿ ಪಡೆದವನಾಗಲಿ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಹಕ್ಕುಸ್ವಾಮ್ಯ ಅಳಿಯುತ್ತದೆ.

ಇನ್ನು ಲೇಸರಿನ ವಿವಾದಕ್ಕೆ ಮರಳೋಣ. ಆ ಉಪಕರಣದಲ್ಲಿ ನಿಜವಾಗಿ ಭಯಪಡಬೇಕಾದುದು ಆಕಾರವಲ್ಲ. ಅದರ ನೀಲಿ ಕಿರಣದ ಶಕ್ತಿ 1 ವಾಟ್. ಅಮೆರಿಕದಲ್ಲಿ ಸಾಮಾನ್ಯ ಲೇಸರ್ ಸೂಚಕಗಳಿಗೆ ಗೊತ್ತುಮಾಡಿರುವ ಮಿತಿ 5 ಮಿಲಿವಾಟ್. ಅಂದರೆ ಇದು ಅದರ 200 ಪಟ್ಟು. ಇಂತಹ ಕಿರಣವು ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚುವಷ್ಟರಲ್ಲಿಯೇ ಅಕ್ಷಿಪಟಲ ಸುಟ್ಟುಹೋಗಬಹುದು, ಚರ್ಮಕ್ಕೂ ಅಪಾಯವುಂಟು. ಸಿನಿಮಾ ಯೋಧನ ಕತ್ತಿಯೆಂದು ಭ್ರಮಿಸಿ ಹುಡುಗನೊಬ್ಬ ಇದನ್ನು ಗೆಳೆಯನ ಮುಖದೆಡೆಗೆ ತಿರುಗಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಲ್ಯೂಕಾಸ್‌ಫಿಲ್ಮಿನವರ ಪತ್ರದಲ್ಲಿ ಈ ಅಪಾಯದ ಪ್ರಸ್ತಾಪವೂ ಇತ್ತೆಂಬುದನ್ನು ಒಪ್ಪಬೇಕು. ಆದರೆ ಕಣ್ಣುಗಳನ್ನು ಕಾಯುವ ಕೆಲಸ ಹಕ್ಕುಸ್ವಾಮ್ಯದ್ದಲ್ಲ. ಆಕಾರವನ್ನು ಚೌಕವಾಗಿ ಬದಲಿಸಿದ್ದರೆ ಪತ್ರದ ಬೇಡಿಕೆ ಈಡೇರುತ್ತಿತ್ತು. ಕಿರಣದ ತೀಕ್ಷ್ಣತೆ ಕೂದಲೆಳೆಯಷ್ಟೂ ತಗ್ಗುತ್ತಿರಲಿಲ್ಲ.

ವಿವಾದವು ನ್ಯಾಯಾಲಯವನ್ನು ಮುಟ್ಟಲಿಲ್ಲ. ತಮ್ಮ ಉಪಕರಣವು ಲೈಟ್‌ಸೇಬರ್ ಅಲ್ಲ, ಆಟದ ಸಾಮಾನೂ ಅಲ್ಲವೆಂದು ತಯಾರಕರು ಬಹಿರಂಗವಾಗಿ ಸಾರಿದ ಮೇಲೆ ಲ್ಯೂಕಾಸ್‌ಫಿಲ್ಮ್ ತನ್ನ ಬೇಡಿಕೆಯನ್ನು ಕೈಬಿಟ್ಟಿತು. ಉಪಕರಣದ ಆಕಾರ ಇದ್ದಂತೆಯೇ ಉಳಿಯಿತು. ಬ್ಯಾಟರಿ ತುಂಬುವ ಕೊಳವೆಯೊಂದು ಚಲಚ್ಚಿತ್ರದ ಸೊತ್ತಾಗಬಲ್ಲುದೇ ಎಂಬ ಪ್ರಶ್ನೆಗೆ ಹೀಗಾಗಿ ಯಾವ ನ್ಯಾಯಾಧೀಶರೂ ಉತ್ತರ ಕೊಡುವ ಸಂದರ್ಭ ಬರಲಿಲ್ಲ. ಎರಡು ವರ್ಷಗಳ ನಂತರ, 2012ರ ಕೊನೆಯಲ್ಲಿ, ಡಿಸ್ನಿ ಸಂಸ್ಥೆಯು ಲ್ಯೂಕಾಸ್‌ಫಿಲ್ಮನ್ನು ಸುಮಾರು 400 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಹೆಚ್ಚುಕಡಮೆ ಅದೇ ಸಮಯದಲ್ಲಿ ವಿಕೆಡ್ ಲೇಸರ್ಸ್ ತನ್ನ ಆರ್ಕ್ಟಿಕ್ ಉಪಕರಣದ ತುದಿಗೆ ಸಿಕ್ಕಿಸಿದರೆ ಕತ್ತಿಯ ಅಲಗಿನಂತೆ ಉದ್ದಕ್ಕೂ ನೀಲಿಯಾಗಿ ಬೆಳಗುವ ಪಾರದರ್ಶಕ ಕೊಳವೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರು 'ಲೇಸರ್‌ಸೇಬರ್'.