ಹಾವಸೆಯ ಪೊಟ್ಟಣದ ಮೇಲೊಂದು ಚೀಟಿ

ಊರು, ತಾರೀಖು ಇಲ್ಲದ ಸುದ್ದಿ ಕಳಿಸಿದರೆ ಡೆಸ್ಕಿನವರು ನಮ್ಮನ್ನು ಬಿಡುವುದಿಲ್ಲ. ಒಣಗಿಸಿದ ಗಿಡಗಳನ್ನು ಕಾಪಿಡುವ ಹರ್ಬೇರಿಯಂನಲ್ಲೂ ಅದೇ ಕಟ್ಟುನಿಟ್ಟು.

'ಸಿಂಟ್ರಿಕಿಯಾ ಕ್ಯಾನಿನರ್ವಿಸ್' ಎಂಬ ಮರುಭೂಮಿ ಹಾವಸೆಗೆ 1859ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಔಷಧಿ ಅಂಗಡಿಯ ವಿಲಿಯಂ ಮಿಟ್ಟನ್. ಭಾರತ, ಹಿಮಾಲಯದ ಕಡೆಯಿಂದ ಬೇರೆಯವರು ತಂದ ಒಣ ಹಾವಸೆಗಳನ್ನು ನೋಡಿ ಅವರು ಬರೆದರು. 1906ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಂಗ್ರಹ ನ್ಯೂಯಾರ್ಕ್ ಸಸ್ಯೋದ್ಯಾನ ಸೇರಿತು.

ಇದೇ ಹಾವಸೆ ಚೀನಾದ ಗುರ್ಬಾನ್‌ತುಂಗುಟ್‌ನಲ್ಲೂ ಅಮೆರಿಕದ ಮೊಹಾವಿಯಲ್ಲೂ ಬೆಳೆಯುತ್ತದೆ. ಎಲ್ಲಿ, ಯಾವಾಗ, ಯಾರು ಕಿತ್ತರು ಎಂದು ಬರೆದಿಟ್ಟ ಚೀಟಿಗಳಿಂದಲೇ ಇಂಥ ನಕ್ಷೆ ಮೂಡುವುದು.

ಹಾವಸೆಗಳಿಗೆ ಹೆಸರಾದ ತನ್ನ ಹರ್ಬೇರಿಯಂ ಮುಚ್ಚುವುದಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಕಟಿಸಿತು. ಆಗ ಅಲ್ಲಿದ್ದದ್ದು 8 ಲಕ್ಷಕ್ಕೂ ಹೆಚ್ಚು ಮಾದರಿ. ಒಣಗಿದ ಈ ಹಾವಸೆ ಹನಿ ನೀರು ಬಿದ್ದರೆ ಮತ್ತೆ ಹಸಿರಾಗುತ್ತದೆ. ಚೀಟಿ ಕಳೆದರೆ ಅದರ ಊರು ಮತ್ತೆ ಸಿಗುವುದಿಲ್ಲ.