ಎಲೆ ಹಾಕೋಕೂ ಒಂದು ಮರ್ಯಾದೆ

ಯುಗಾದಿ ಬಂತು ಅಂದ್ರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಒಬ್ಬಟ್ಟಿನ ಜೊತೆ ಇಸ್ಪೀಟೂ ಬರುತ್ತೆ. ಹೊಸತೊಡಕಿನ ಬಾಡೂಟ ಮುಗಿಸಿ ಅರಳಿಕಟ್ಟೆ ಮೇಲೆ ಟವೆಲ್ ಹಾಸಿದ್ರೆ ಕತ್ತಲಾಗೋವರೆಗೂ ಅಂದರ್-ಬಾಹರ್. ಜೂಜನ್ನ ಬೈಯೋರು ಬೇಕಾದಷ್ಟಿದ್ದಾರೆ. ಆದ್ರೆ ಆ ಟವೆಲ್ ಸುತ್ತ ಇರೋ ರೀತಿ-ರಿವಾಜಿಗೂ ಒಂದು ಇತಿಹಾಸ ಇದೆ, ಅದರ ಬಗ್ಗೆ ಸ್ವಲ್ಪ ಬರೀತೀನಿ.

ಇಸ್ಪೀಟಿಗಿಂತ ಮುಂಚೆ ನಮ್ಮ ಕಡೆ ಇದ್ದದ್ದು ಗಂಜೀಫಾ. ದುಂಡನೆ ಎಲೆಗಳು, ಮೊಘಲರ ಆಟಕ್ಕೆ 96, ದಶಾವತಾರದ ಆಟಕ್ಕೆ 120. ದಶಾವತಾರದಲ್ಲಿ ಹಗಲಾದ್ರೆ ರಾಮನ ರಾಜನೆಲೆ ಹಿಡಿದವನು ಮೊದಲು ಆಡ್ಬೇಕು, ರಾತ್ರಿ ಆದ್ರೆ ಕೃಷ್ಣನ ಎಲೆ ಹಿಡಿದವನು. ಯಾರು ಶುರು ಮಾಡೋದು ಅನ್ನೋ ಜಗಳವೇ ಇಲ್ಲ! ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794-1868) ಇದೊಂದು ಹುಚ್ಚು. 'ಶ್ರೀತತ್ತ್ವನಿಧಿ'ಯ ಕೊನೇ ಭಾಗ 'ಕೌತುಕನಿಧಿ'ಯಲ್ಲಿ ಛದ ಅನ್ನೋ 13 ಆಟಗಳ ವಿವರ ಇದೆ. ಸಂಸ್ಕೃತದಲ್ಲಿ ಛದ ಅಂದ್ರೂ ಎಲೆಯೇ. ಆ ಎಲೆಗಳ ಚಿತ್ರಕಲೆಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟ ರಘುಪತಿ ಭಟ್ಟರ ಊರು ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣ.

ಅರಮನೆ ಆಟಕ್ಕೆ ಪುಸ್ತಕ ಇತ್ತು. ಅರಳಿಕಟ್ಟೆ ಆಟಕ್ಕೆ ಬಾಯಿಮಾತೇ ಕಾನೂನು. ಪಕ್ಕದವನ ಕೈ ಇಣುಕಬಾರದು. ನಿಂತು ನೋಡೋನು ಬಾಯಿ ಬಿಡಬಾರದು. ಇಳಿಸಿದ ಎಲೆ ವಾಪಸ್ ತಗೋಬಾರದು. ಸೋತವನನ್ನ ಆಡಿಕೊಳ್ಳಬಾರದು. ನಾನು ಮದ್ದೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡ್ತಿದ್ದಾಗ ಇವೇ ನಿಯಮಗಳನ್ನ ನಾಲ್ಕು ಜನರ ಮೊಣಕಾಲಿನ ಮೇಲೆ ಹಾಸಿದ ಟವೆಲ್ ಮೇಲೂ ನೋಡಿದೀನಿ. ನಾಳೆ ಬೆಳಿಗ್ಗೆ ಮತ್ತೆ ಅದೇ ಬೋಗಿ, ಅದೇ ಮುಖ. ಮೋಸ ಮಾಡಿ ಎಲ್ಲಿಗೆ ಹೋಗ್ತೀರಾ?

ಆದ್ರೆ ಕಟ್ಟೆ ಮೇಲೆ ಇನ್ನೊಂದು ನಿಯಮ ಇದೆ: "ಗೆದ್ದೋನು ಎದ್ದು ಹೋಗಂಗಿಲ್ಲ ಕಣ್ಲಾ." ನನ್ನ ತಕರಾರು ಇರೋದು ಇಲ್ಲೇ. ಕಬ್ಬಿನ ದುಡ್ಡು ಸಂಬಳದ ಥರ ತಿಂಗಳಿಗೊಂದ್ಸಲ ಬರಲ್ಲ, ಒಂದೇ ಸಲ ಕೈಗೆ ಬರುತ್ತೆ. ಅದನ್ನ ಜೇಬಲ್ಲಿಟ್ಕೊಂಡು ಕೂತವನಿಗೆ ಏಳಬೇಡ ಅನ್ನೋದು ಮರ್ಯಾದೆನಾ? ಸೋತವನು 'ಇನ್ನೊಂದಾಟ' ಅಂತಾನೆ, ಗೆದ್ದವನು ಇಲ್ಲ ಅನ್ನಂಗಿಲ್ಲ. ಕೊನೆಗೆ ಇಬ್ಬರಲ್ಲಿ ಒಬ್ಬನ ಮನೇಲಿ ಮಕ್ಕಳ ಫೀಸಿಗೆ ದುಡ್ಡಿರಲ್ಲ.

ಮಹಾಭಾರತದ ಧರ್ಮರಾಯನನ್ನೇ ನೋಡಿ. ಅವನು ಮೋಸ ಮಾಡ್ಲಿಲ್ಲ, ಕೂಗಾಡ್ಲಿಲ್ಲ, ಇಟ್ಟ ಪಣಕ್ಕೆ ತಪ್ಪಲಿಲ್ಲ. ಆಟಕ್ಕೆ ಕರೆದಾಗ ಒಲ್ಲೆ ಅನ್ನಬಾರದು ಅನ್ನೋ ರಿವಾಜನ್ನ ಚಾಚೂ ತಪ್ಪದೆ ಪಾಲಿಸಿದ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲಾ ಹೋಗಿದ್ದು ಹಾಗೆ! ತುಂಬಿದ ಸಭೆಯಲ್ಲಿ 'ಸಾಕು, ಏಳು' ಅಂತ ಕೈ ಹಿಡಿದು ಎಬ್ಬಿಸೋರು ಯಾರೂ ಇರ್ಲಿಲ್ಲ.

ಕಾನೂನು ನೋಡೋದು ಬೇರೆ ಲೆಕ್ಕ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನ ಅಪರಾಧ ಅನ್ನುತ್ತೆ, ಕೌಶಲದ ಆಟವನ್ನ ಬಿಡುತ್ತೆ. ಆಂಧ್ರದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿ ಕೌಶಲದ ಆಟ ಅಂದಿತು, ಬಿದ್ದ ಎಲೆಗಳನ್ನ ನೆನಪಿಟ್ಕೋಬೇಕಲ್ಲ! ಮುಂದೆ ಅದೇ ರಮ್ಮಿ ಮೊಬೈಲಿಗೆ ಬಂತು. ಅಲ್ಲಿ ಇಣುಕೋಕಾಗಲ್ಲ, ಎಲೆ ವಾಪಸ್ ತಗೊಳ್ಳೋಕಾಗಲ್ಲ, ಎಲ್ಲಾ ಮರ್ಯಾದೆಯನ್ನೂ ಸಾಫ್ಟ್‌ವೇರೇ ಕಾಯುತ್ತೆ. ಎದುರಿಗೆ ಮುಖ ಮಾತ್ರ ಇಲ್ಲ. ಕಟ್ಟೆ ಮೇಲಾದ್ರೆ ಯಾರಾದ್ರೂ ಒಬ್ಬ ಮಾವನೋ ಭಾವನೋ 'ಹೋಗ್ಲಾ ಮನೆಗೆ' ಅಂತ ಗದರೋನು. ಮೊಬೈಲಲ್ಲಿ ರಾತ್ರಿ ಎರಡು ಗಂಟೆಗೆ ಗದರೋರು ಯಾರು? 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧಿಸೋ ಕಾನೂನು ಮಾಡ್ತು. ಅಷ್ಟರೊಳಗೆ ಎಷ್ಟು ಮನೆಗಳ ದುಡ್ಡು ಹೋಗಿತ್ತೋ!

ಋಗ್ವೇದದ ಹತ್ತನೇ ಮಂಡಲದಲ್ಲಿ ಜೂಜುಗಾರನ ಸೂಕ್ತ ಅಂತ ಒಂದಿದೆ. ಅದು ಅವನಿಗೆ ಕೊಡೋ ಬುದ್ಧಿಮಾತು ಏನು ಗೊತ್ತಾ? ದಾಳ ಬಿಡು, ಹೊಲ ಉಳು ಅಂತ. ಮಂಡ್ಯದವರಿಗೇ ಹೇಳಿದ ಹಾಗಿಲ್ವಾ?

ಆಡಬೇಡಿ ಅಂದ್ರೆ ಯುಗಾದಿ ದಿನ ಯಾರೂ ಕೇಳಲ್ಲ ಬಿಡಿ. ಬೇಕಾದ್ರೆ ಆಡಿ. ಆದ್ರೆ ಹಳೇ ನಿಯಮಗಳ ಪಟ್ಟಿಯಿಂದ ಒಂದನ್ನ ಹೊಡೆದುಹಾಕಿ, ಒಂದನ್ನ ಸೇರಿಸಿ. ಏಳ್ತೀನಿ ಅಂದವನನ್ನ ಏಳೋಕೆ ಬಿಡಬೇಕು. ಏಳಲಾರದೆ ಕೂತವನನ್ನ ಎಬ್ಬಿಸಿ ಮನೆಗೆ ಕಳಿಸಬೇಕು. ಇಣುಕಬಾರದು ಅನ್ನೋದೆಲ್ಲ ಆಮೇಲಿನ ಮಾತು.