ಏರುವ ‘ಶಂಗ್’, ಹುಟ್ಟುವ ‘ಶಂಗ್’

ಚೀನೀ–ಇಂಗ್ಲಿಷ್ ನಿಘಂಟುಗಳಲ್ಲಿ ‘ಶಂಗ್’ ಎಂಬ ಉಚ್ಚಾರದಡಿ ಎರಡು ಅಕ್ಷರಗಳು ಹತ್ತಿರ ಹತ್ತಿರ ಸಿಗುತ್ತವೆ. ಒಂದರ ಮುಂದೆ ‘ಲೈಫ್’, ‘ಬರ್ತ್’, ‘ರಾ’ ಎಂಬ ಅರ್ಥಗಳು. ಇನ್ನೊಂದರ ಮುಂದೆ ‘ರೈಸ್’, ‘ಪ್ರಮೋಟ್’, ‘ಲೀಟರ್’. ಇಂದಿನ ಮ್ಯಾಂಡರಿನ್‌ನಲ್ಲಿ ಎರಡನ್ನೂ ಒಂದೇ ಎತ್ತರದ ದನಿಯಲ್ಲಿ, ಮಟ್ಟಸವಾಗಿ ಉಚ್ಚರಿಸುತ್ತಾರೆ. ಹುಟ್ಟುವುದೂ ಒಂದು ಬಗೆಯ ಏರಿಕೆಯೇ, ಹಾಗಾಗಿ ಎರಡಕ್ಕೂ ಮೂಲ ಒಂದೇ ಇರಬೇಕು ಎಂದು ಊಹಿಸುವವರುಂಟು. ಧ್ವನಿಯ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಪ್ರಯೋಗದ ಚರಿತ್ರೆ ಮಾತ್ರ ಅಲ್ಲಲ್ಲಿ ಇದರ ಕಡೆಗೆ ವಾಲುತ್ತದೆ.

‘ಲೈಫ್’ ಅರ್ಥದ ಅಕ್ಷರದ ಹುಟ್ಟು ಸರಳ. ಶಾಂಗ್ ರಾಜರ ಕಾಲದ ಮೂಳೆಬರಹಗಳಲ್ಲಿ ಅದು ನೆಲದ ಗೆರೆಯ ಮೇಲೆ ತಲೆಯೆತ್ತಿದ ಮೊಳಕೆ. ಕ್ರಿ.ಶ. 100ರಲ್ಲಿ ಶೂ ಶೆನ್ ಮುಗಿಸಿದ ‘ಶುವೊವೆನ್’ ಕೋಶವೂ ಮಣ್ಣಿನಿಂದ ಮೇಲೆ ಬರುವ ಗಿಡವೆಂದೇ ಅದನ್ನು ವಿವರಿಸುತ್ತದೆ. ಬೇಯದ ಅಡುಗೆ, ಪರಿಚಯವಿಲ್ಲದ ಮನುಷ್ಯ, ವಿದ್ಯಾರ್ಥಿ, ಎಲ್ಲಕ್ಕೂ ಬರುವ ಪದಗಳಲ್ಲಿ ಈ ಅಕ್ಷರವಿದೆ. ಗೌರವದ ಸಂಬೋಧನೆಯಾದ ‘ಶಿಯನ್‌ಶಂಗ್’ ಎಂದರೆ ಅಕ್ಷರಶಃ ಮೊದಲು ಹುಟ್ಟಿದವನು.

‘ರೈಸ್’ ಅರ್ಥದ ಅಕ್ಷರದ ಕಥೆ ಇಷ್ಟು ನೇರವಲ್ಲ. ಅದರ ಹಳೆಯ ರೂಪ ಒಂದು ಸೌಟು. ಸೌಟಿನಿಂದ ಅದು ಅಳತೆಯ ಹೆಸರಾಯಿತು, ನಮ್ಮ ಪಾವು–ಸೇರುಗಳಂತೆ. ಕ್ರಿ.ಪೂ. 344ರಲ್ಲಿ ಕ್ವಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಎರಕ ಹೊಯ್ಯಿಸಿದ ಕಂಚಿನ ಒಂದು ‘ಶಂಗ್’ ಶಾಂಘೈ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಹಿಡಿಯುವುದು ಸುಮಾರು 200 ಮಿಲಿಲೀಟರ್. ಈಗ ಅದೇ ಪದ ಪೂರ್ತಿ ಲೀಟರಿಗೆ ನಿಂತಿದೆ. ನಿಘಂಟಿನಲ್ಲಿ ‘ರೈಸ್’ ಪಕ್ಕದಲ್ಲೇ ‘ಲೀಟರ್’ ಕಾಣುವುದು ಈ ಕಾರಣಕ್ಕೆ. ಸೌಟಿನಿಂದ ಏರಿಕೆಗೆ ಹೋದದ್ದು ಹೇಗೆ? ಮೊಗೆದು ಮೇಲೆತ್ತುವ ಕ್ರಿಯೆಯಿಂದ ಎಂದು ಕೆಲವರು, ದನಿಸಾಮ್ಯದಿಂದ ಎರವಲು ಪಡೆದ ಲಿಪಿ ಎಂದು ಮತ್ತೆ ಕೆಲವರು. ಎರಡನೆಯ ವಾದದಲ್ಲಿ ನನಗೆ ಹೆಚ್ಚು ನಂಬಿಕೆ, ಏಕೆಂದರೆ ಚೀನೀ ಲಿಪಿಯಲ್ಲಿ ಇಂಥ ಎರವಲು ತೀರ ಸಾಮಾನ್ಯ.

ಇನ್ನು ಧ್ವನಿ. 1008ರ ‘ಗ್ವಾಂಗ್‌ಯುನ್’ ಪ್ರಾಸಕೋಶ ಎರಡು ಅಕ್ಷರಗಳನ್ನೂ ಬೇರೆ ಬೇರೆ ಪ್ರಾಸವರ್ಗಗಳಲ್ಲಿಟ್ಟಿದೆ. ಅವುಗಳ ಆದಿವ್ಯಂಜನಗಳೂ ಬೇರೆ. ಈ ಭೇದ ಅಕ್ಕಪಕ್ಕದ ಭಾಷೆಗಳಲ್ಲಿ ಇಂದಿಗೂ ಕೇಳುತ್ತದೆ. ಕೊರಿಯನ್ನಿನಲ್ಲಿ ಹುಟ್ಟುವುದು ‘ಸೆಂಗ್’, ಏರುವುದು ‘ಸುಂಗ್’. ಕ್ಯಾಂಟನೀಸಿನಲ್ಲಿ ‘ಸಾಂಗ್’ ಮತ್ತು ‘ಸಿಂಗ್’. ವಿಯೆಟ್ನಾಮಿಯಲ್ಲಿ ಅಂತರ ಇನ್ನೂ ದೊಡ್ಡದು: ‘ಸಿನ್’ ಮತ್ತು ‘ಥಾಂಗ್’. ಹನೋಯ್ ನಗರಕ್ಕೆ 1010ರಲ್ಲಿ ಬಂದ ಹೆಸರು ಥಾಂಗ್ ಲೋಂಗ್, ಅಂದರೆ ಮೇಲೇರುವ ಡ್ರ್ಯಾಗನ್. ಹಾಗಾಗಿ ಮ್ಯಾಂಡರಿನ್‌ನ ಸಮಾನೋಚ್ಚಾರ ತಡವಾಗಿ ಒದಗಿದ ಸಂಗತಿ. ಅದರ ಮೇಲೆ ವ್ಯುತ್ಪತ್ತಿ ಕಟ್ಟಲಾಗದು.

ಆದರೂ ಅರ್ಥಗಳು ಕೂಡುವ ಎಡೆಗಳಿವೆ. ‘ಯೀ ಜಿಂಗ್’ ಎಂಬ ಪ್ರಾಚೀನ ಶಕುನಗ್ರಂಥದ 64 ಷಡ್ರೇಖೆಗಳಲ್ಲಿ, ಎಂದರೆ ಆರು ಗೆರೆಗಳ ಆಕೃತಿಗಳಲ್ಲಿ, 46ನೆಯದರ ಹೆಸರೇ ಏರುವ ‘ಶಂಗ್’. ಅದರಲ್ಲಿ ಕೆಳಗೆ ಮರದ ಸಂಕೇತ, ಮೇಲೆ ನೆಲದ ಸಂಕೇತ. ಪ್ರಾಚೀನ ವ್ಯಾಖ್ಯಾನ ಇದನ್ನು ನೆಲದೊಳಗೆ ಮರ ಹುಟ್ಟಿ ಬೆಳೆಯುವುದೆಂದು ಬಿಡಿಸುತ್ತದೆ, ಆ ‘ಹುಟ್ಟು’ವಿಗೆ ಮೊಳಕೆಯ ಅಕ್ಷರವನ್ನೇ ಬಳಸುತ್ತದೆ. ರಿಚರ್ಡ್ ವಿಲ್ಹೆಲ್ಮರ ಜರ್ಮನ್ ಅನುವಾದವನ್ನು 1950ರಲ್ಲಿ ಇಂಗ್ಲಿಷಿಗೆ ತಂದ ಕ್ಯಾರಿ ಬೇನ್ಸ್ ಈ ಷಡ್ರೇಖೆಯನ್ನು ‘ಪುಶಿಂಗ್ ಅಪ್‌ವರ್ಡ್’ ಎಂದರು. ಬರಿಯ ‘ರೈಸ್’ಗಿಂತ ಇದು ಮೇಲು, ಮಣ್ಣನ್ನು ತಳ್ಳಿಕೊಂಡು ಬರುವ ಮೊಳಕೆಯ ಶ್ರಮ ಇದರಲ್ಲಿ ಉಳಿದಿದೆ.

ಇನ್ನೊಂದು ಎಡೆ ಟ್ಯಾಂಗ್ ಕಾಲದ ಕವಿ, ಮಂತ್ರಿ ಜಾಂಗ್ ಜಿಯುಲಿಂಗನದು. ಚಂದ್ರನನ್ನು ನೋಡುತ್ತ ದೂರದವರನ್ನು ನೆನೆಯುವ ಪ್ರಸಿದ್ಧ ಕವಿತೆಯಲ್ಲಿ ಕಡಲ ಮೇಲೆ ಚಂದ್ರ ಕಾಣಿಸಿಕೊಳ್ಳುವುದಕ್ಕೆ ಅವನು ಆಯ್ದದ್ದು ಏರುವ ಅಕ್ಷರವನ್ನಲ್ಲ, ಹುಟ್ಟುವ ಅಕ್ಷರವನ್ನು. ಇಂಗ್ಲಿಷ್ ಅನುವಾದಕರಿಗೆ ಇಲ್ಲಿ ಇಕ್ಕಟ್ಟು. ‘ಹೊತ್ತು ಹುಟ್ಟಿತು’ ಎನ್ನುವ ಕನ್ನಡಿಗನಿಗೆ ಇದರಲ್ಲಿ ಬೆರಗಿನ ವಿಷಯವೇನಿಲ್ಲ.

ಏರುವ ಅಕ್ಷರಕ್ಕೆ ಮುಂದೆ ಎರಡು ಕವಲುಗಳಾದವು. ತಲೆಯ ಮೇಲೆ ಸೂರ್ಯನನ್ನು ಹೊತ್ತ ರೂಪ ಸೂರ್ಯೋದಯಕ್ಕೆ, ದಿಬ್ಬ–ಮಣ್ಣುಗಳನ್ನು ಕೂಡಿಸಿಕೊಂಡ ರೂಪ ಅಧಿಕಾರಿಯ ಬಡ್ತಿಗೆ. ಸೂರ್ಯನ ರೂಪವನ್ನು ‘ಶುವೊವೆನ್’ಗೆ ಸೇರಿಸಿದ್ದು 986ರಲ್ಲಿ ಅದನ್ನು ಪರಿಷ್ಕರಿಸಿದ ಶೂ ಶುವಾನ್, ಹಿಂದೆ ಸೌಟಿನ ಅಕ್ಷರವೊಂದೇ ಸಾಕಿತ್ತು ಎಂಬ ಸೂಚನೆಯೂ ಅಲ್ಲೇ ಇದೆ. 1955ರ ಲಿಪಿಸುಧಾರಣೆ ಕವಲುಗಳೆರಡನ್ನೂ ಕೈಬಿಟ್ಟು ಮತ್ತೆ ಸೌಟಿಗೇ ಮರಳಿತು. 2013ರ ಅಧಿಕೃತ ಅಕ್ಷರಪಟ್ಟಿ ಸೂರ್ಯನ ರೂಪಕ್ಕೆ ವ್ಯಕ್ತಿನಾಮಗಳ ಮಟ್ಟಿಗೆ ಮರುಪ್ರವೇಶ ಕೊಟ್ಟಿತು. 1040ರ ದಶಕದಲ್ಲಿ ಜೇಡಿಮಣ್ಣಿನ ಬಿಡಿ ಅಚ್ಚುಮೊಳೆಗಳನ್ನು ರೂಪಿಸಿದ ಬೀ ಶಂಗ್‌ನ ಹೆಸರನ್ನು ಈಗ ಮತ್ತೆ ಸೂರ್ಯನ ಸಮೇತ ಅಚ್ಚುಹಾಕಬಹುದು.